ಮಂಡಿಯೊಳಗಿನ ಸಿಂಬೆ

ತಂಗಿಯ ಮಗಳ ಎಡ ಮಂಡಿ ಸಿಕ್ಕಿಕೊಂಡ ಮೇಲೆ ನಾನು ಪದ್ಯದ ಸಾಲನ್ನು ಇನ್ನೂ ನಾಲ್ಕು ಸಲ ಹಾಡಿದೆ. ಹಾಡುವಾಗ ನನಗೆ ಅದು ಗೊತ್ತಿರಲಿಲ್ಲ. ಸಭೆಯಲ್ಲಿ ಯಾರೋ ಫೋನಿನಲ್ಲಿ ಹಿಡಿದ ವಿಡಿಯೋ ಎರಡು ದಿನದ ಮೇಲೆ ನನಗೆ ಬಂತು. ಅದನ್ನು ನೋಡಿ ಎಣಿಸಿದೆ. ಮೊದಲ ಸಲ ಮೂರು ಎಂದುಕೊಂಡೆ. ಮತ್ತೆ ನೋಡಿದೆ. ನಾಲ್ಕು.

ನಾನು ಪ್ರಾಥಮಿಕ ಶಾಲೆಯಲ್ಲಿ ಮಾಸ್ತರನಾಗಿದ್ದು ನಿವೃತ್ತನಾದವನು. ಸಿದ್ದಾಪುರದಲ್ಲಿ ಪ್ರತಿ ಭಾನುವಾರ ಮಧ್ಯಾಹ್ನ ಹೆಂಗಸರಿಗೆ ಯಕ್ಷಗಾನ ಹೇಳಿಕೊಡುತ್ತೇನೆ. ಅವರ ಆಟಕ್ಕೆ ಪದ್ಯ ಹಾಡುವ ಭಾಗವತನೂ ನಾನೇ. ತಂಡದಲ್ಲಿ ಒಂಬತ್ತು ಜನ. ಅವರಲ್ಲಿ ತಂಗಿಯ ಮಗಳೂ ಒಬ್ಬಳು. ಕೋಲಸಿರ್ಸಿಯ ಮನೆಯಿಂದ ದಿನಾ ಸಿದ್ದಾಪುರಕ್ಕೆ ಬಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾಳೆ. ಯುದ್ಧಕ್ಕೆ ಹೊರಟ ಎಳೆಯ ವೀರನ ವೇಷ ಯಾವಾಗಲೂ ಅವಳದೇ. ಆ ವೇಷಕ್ಕೆ ನಮ್ಮ ಕಡೆ ಮಂಡಿ ಬೇಕೇ ಬೇಕು. ಮಂಡಿ ಎಂದರೆ ಎರಡೂ ಮೊಣಕಾಲನ್ನು ನೆಲಕ್ಕೆ ಊರಿ, ಕೂತಲ್ಲಿಂದಲೇ ರಂಗದ ಸುತ್ತ ಗಿರಗಿರ ತಿರುಗುವುದು. ಜನ ಚಪ್ಪಾಳೆ ಹೊಡೆಯುವುದು ಅಲ್ಲಿಯೇ.

ಆ ಆಟ ನಡೆದದ್ದು ಹೇರೂರಿನ ಹತ್ತಿರದ ಒಂದು ಸಭಾಭವನದಲ್ಲಿ, ಸಂಜೆ ನಾಲ್ಕು ಗಂಟೆಗೆ. ನೆಲಕ್ಕೆ ಟೈಲ್ಸ್ ಹಾಕಿದ್ದರು. ಜಾರಬಾರದೆಂದು ಎರಡು ಜಮಖಾನೆ ಹಾಸಿದ್ದರು. ಒಂದರ ಅಂಚು ಇನ್ನೊಂದರ ಮೇಲೆ ಒಂದು ಗೇಣು ಬಂದಿತ್ತು. ಅದನ್ನು ನಾನು ಕೂರುವ ಮೊದಲೇ ನೋಡಿದ್ದೆ. ಸರಿಪಡಿಸಲು ಹೇಳಬೇಕು ಎಂದುಕೊಂಡಿದ್ದೆ. ಶ್ರುತಿ ಸರಿಮಾಡುವುದರಲ್ಲಿ ಮರೆತೆ.

ಭಾಗವತ ರಂಗದ ಹಿಂದುಗಡೆ ಕೂರುತ್ತಾನೆ. ಅವನಿಗೆ ಕಾಣುವುದು ವೇಷಧಾರಿಯ ಬೆನ್ನು. ನಮ್ಮ ರೂಢಿ ಹೀಗಿದೆ: ವೇಷಧಾರಿ ಹಿಂದಕ್ಕೆ ತಿರುಗಿ ಕೈಯೆತ್ತಿ ಮುಗಿಸು ಎಂದು ತೋರಿಸುವವರೆಗೆ ಭಾಗವತ ಸಾಲನ್ನು ಮತ್ತೆ ಮತ್ತೆ ಎತ್ತಿಕೊಡುತ್ತಲೇ ಇರಬೇಕು. ಪದ್ಯ ನಿಲ್ಲುವವರೆಗೆ ವೇಷಧಾರಿ ತಾಳ ಬಿಡಬಾರದು. ಇದನ್ನು ಅವಳಿಗೆ ಕಲಿಸಿದವನು ನಾನೇ. ಕೈ ಮುರಿದರೂ ತಾಳ ಬಿಡಬೇಡಿ ಎಂದು ತರಗತಿಯಲ್ಲಿ ಹೇಳುತ್ತಿದ್ದೆ. ಎಲ್ಲರೂ ನಗುತ್ತಿದ್ದರು.

ಅವಳು ಆರು ಸುತ್ತು ತಿರುಗಿದಳು. ಏಳನೆಯದಕ್ಕೆ ಜಮಖಾನೆಯ ಅಂಚು ಮಡಚಿ ಎಡಗಾಲಿನ ಮುಂಗಾಲು ಅದರಲ್ಲಿ ಸಿಕ್ಕಿತು. ಮೈ ತಿರುಗಿತು, ಕಾಲು ತಿರುಗಲಿಲ್ಲ. ಮಂಡಿಯೊಳಗೆ ಟಕ್ ಎಂದಿತಂತೆ. ಚಂಡೆಯ ಸದ್ದಿನಲ್ಲಿ ನನಗೇನೂ ಕೇಳಿಸಲಿಲ್ಲ. ಅವಳು ಸಭೆಗೆ ಮುಖಮಾಡಿ ನಿಂತುಬಿಟ್ಟಳು, ಮೊಣಕಾಲ ಮೇಲೆಯೇ. ಹಿಂದಕ್ಕೆ ತಿರುಗಲು ಆಗುತ್ತಿರಲಿಲ್ಲ. ತಿರುಗದೆ ನನಗೆ ಸೂಚನೆ ಕೊಡುವಂತಿಲ್ಲ. ಮಾವ ಈಗ ನಿಲ್ಲಿಸುತ್ತಾನೆ ಎಂದು ಅವಳು ಕಾದಳು. ಅವಳು ತಿರುಗುತ್ತಾಳೆ ಎಂದು ನಾನು ಕಾದೆ. ಅವಳ ಕೈಗಳು ತಾಳಕ್ಕೆ ಸರಿಯಾಗಿ ಬಾಣ ಹೂಡುವುದನ್ನು, ಬಿಡುವುದನ್ನು ಮಾಡುತ್ತಲೇ ಇದ್ದವು. ಸಭೆ ಚಪ್ಪಾಳೆ ಹೊಡೆಯಿತು. ನಾನು ಲಯ ಏರಿಸಿದೆ.

ನಿಲ್ಲಿಸಿದವನು ಚಂಡೆಯವನು. ಅವನು ಬದಿಗೆ ಕೂತಿದ್ದರಿಂದ ಅವನಿಗೆ ಅವಳ ಮುಖ ಅರ್ಧ ಕಾಣುತ್ತಿತ್ತು. ಕೋಲು ಕೆಳಗಿಟ್ಟು ನನ್ನ ಕಡೆ ಬಾಗಿ, "ಭಾಗವತ್ರೇ, ಸಾಕು. ಕೂಸಿಗೆ ಏಳಲೆ ಬತ್ತಿಲ್ಲೆ" ಎಂದ.

ನಾವಿಬ್ಬರು ಅವಳನ್ನು ವೇಷ ಕಟ್ಟುವ ಕೋಣೆಗೆ ಎತ್ತಿಕೊಂಡು ಹೋದೆವು. ಗೆಜ್ಜೆ ಬಿಚ್ಚಿದೆ. ಎಡಗಾಲು ಮಡಚಿದಂತೆಯೇ ಇತ್ತು.

"ಮಾವ, ಚಾಚಲೆ ಆಗ್ತಾ ಇಲ್ಲೆ. ಒಳಗೆ ಎಂತೋ ಅಡ್ಡ ಕೂತಂಗೆ ಇದ್ದು" ಎಂದಳು. ಬಣ್ಣ ಹಚ್ಚಿದ ಮುಖದಲ್ಲಿ ನೋವು ಎಷ್ಟೆಂದು ತಿಳಿಯುವುದಿಲ್ಲ. ಕಣ್ಣಿನ ಕಾಡಿಗೆ ಮಾತ್ರ ಇಳಿದಿತ್ತು.

ಆಟ ನೋಡಲು ಬಂದಿದ್ದ ಹಿರಿಯರೊಬ್ಬರು ಒಳಗೆ ಬಂದು, "ನರ ಹಿಡ್ಕಂಡಿದ್ದು. ಒಂದ್ಸಲ ಎಳೆದ್ರೆ ಬಿಡ್ತು" ಎಂದರು. ನಾನು ತೊಡೆ ಹಿಡಿದೆ. ಅವರು ಹಿಮ್ಮಡಿ ಹಿಡಿದು ಎಳೆದರು. ಅವಳು ಕೂಗಲಿಲ್ಲ. ಸೊಂಟಕ್ಕೆ ಕಟ್ಟಿದ್ದ ಬಟ್ಟೆಯ ತುದಿಯನ್ನು ಬಾಯಿಗೆ ತುರುಕಿಕೊಂಡಳು. ಕಾಲು ಒಂದು ಬೆರಳಿನಷ್ಟೂ ನೆಟ್ಟಗಾಗಲಿಲ್ಲ. ಹಿರಿಯರು ಕೈ ಬಿಟ್ಟು, ಕೈ ಒರೆಸಿಕೊಂಡು, ಹೊರಗೆ ಹೋದರು. ತೊಡೆ ಹಿಡಿದಿದ್ದವನು ನಾನು ಎಂಬುದನ್ನು ಇಲ್ಲಿ ಬರೆದಿಡಬೇಕು.

ಅವತ್ತು ಊತ ಇರಲಿಲ್ಲ. ಮರುದಿನ ಬೆಳಿಗ್ಗೆ ಮಂಡಿ ಸಣ್ಣ ಕುಂಬಳಕಾಯಿಯಷ್ಟು ಊದಿತ್ತು. ಸಿದ್ದಾಪುರದಲ್ಲಿ ಎಕ್ಸ್‌ರೇ ತೆಗೆಸಿದೆವು. ಡಾಕ್ಟರು ಎರಡು ಮಾತು ಹೇಳಿದರು. ಒಂದು, ಎಲುಬಿಗೆ ಏನೂ ಆಗಿಲ್ಲ. ಎರಡು, ವಾರದೊಳಗೆ ಕಾಲು ನೆಟ್ಟಗಾಗದಿದ್ದರೆ ತಡಮಾಡದೆ ಕೀಲಿನ ತಜ್ಞರಿಗೆ ತೋರಿಸಿ, ಎಕ್ಸ್‌ರೇಯಲ್ಲಿ ಎಲುಬು ಮಾತ್ರ ಕಾಣುತ್ತದೆ. ನಾನು ಮೊದಲನೆಯದನ್ನು ಹಿಡಿದುಕೊಂಡೆ. ಕೋಲಸಿರ್ಸಿಗೆ ಹೋಗಿ ತಂಗಿಗೆ ಹೇಳಿದ್ದೂ ಅಷ್ಟನ್ನೇ.

ತಂಗಿ ಸುಮ್ಮನೆ ಒಪ್ಪುವವಳಲ್ಲ. "ಅಣ್ಣಾ, ಎಲುಬಿಗೆ ಎಂತೂ ಆಜಿಲ್ಲೆ ಹೇಳಾದ್ರೆ ಇದು ಎಂತಕ್ಕೆ ನೆಟ್ಟಗಾಗ್ತಿಲ್ಲೆ?" ಎಂದು ಕೇಳಿದಳು.

"ಊತ ಇಳಿದ ಮೇಲೆ ಆಗ್ತು."

"ನಿಂಗೆ ತಾಳ ತಪ್ಪಿದ್ದು ಮಾತ್ರ ಕಾಣ್ತು. ಕಾಲು ತಪ್ಪಿದ್ದು ಕಾಣ್ತಿಲ್ಲೆ" ಎಂದಳು ತಂಗಿ.

"ಆಯಿ, ಸುಮ್ನಿರು. ನಿಲ್ಸು ಹೇಳಿ ಆನೇ ಹೇಳಿದ್ನಿಲ್ಲೆ" ಎಂದಳು ಮಗಳು.

ಯಲ್ಲಾಪುರದ ಕಡೆ ಒಬ್ಬರು ಮುರಿದ ಎಲುಬು ಕಟ್ಟುತ್ತಾರೆ. ನನ್ನ ಕೈ ಮುರಿದಾಗ ಅವರ ತಂದೆಯೇ ಕಟ್ಟಿದ್ದು. ಆ ನಂಬಿಕೆಯಿಂದ ಅಲ್ಲಿಗೆ ಕರೆದುಕೊಂಡು ಹೋದೆ. ಸೊಪ್ಪು ಅರೆದು ಹಚ್ಚಿ, ಬಿದಿರಿನ ತೆಳು ಸೀಳು ಇಟ್ಟು, ಬಟ್ಟೆ ಸುತ್ತಿ, ಎರಡು ವಾರದ ಮೇಲೆ ಬನ್ನಿ ಎಂದರು. ಊತ ಒಂದು ವಾರದಲ್ಲಿ ಇಳಿಯಿತು. ನಾನು ಸಮಾಧಾನಪಟ್ಟೆ. ಈಗ ಯೋಚಿಸಿದರೆ ಆ ವಾರದ ಸಮಾಧಾನವೇ ನನಗೆ ಹೆಚ್ಚು ನಾಚಿಕೆ ತರುತ್ತದೆ. ಅವಳು ಗೋಡೆ ಹಿಡಿದು ಒಂಟಿ ಕಾಲಲ್ಲಿ ಕುಪ್ಪಳಿಸಿಕೊಂಡು ಬಚ್ಚಲಿಗೆ ಹೋಗುತ್ತಿದ್ದಳು. ಅದನ್ನು ದಿನಾ ನೋಡುತ್ತಿದ್ದೆ. ನೋಡಿಯೂ ಗುಣವಾಗುತ್ತಿದೆ ಎನ್ನುತ್ತಿದ್ದೆ.

ಎರಡನೆಯ ಸಲ ಹೋದಾಗ ಯಲ್ಲಾಪುರದವರು ಕಟ್ಟು ಬಿಚ್ಚಿ, ಎರಡೇ ಬೆರಳಿನಿಂದ ಮಂಡಿಯ ಒಳಬದಿಯ ಸಂದನ್ನು ಒತ್ತಿದರು. ಅವಳು ಬೆಚ್ಚಿದಳು. ಅವರು ತಕ್ಷಣ ಕೈ ತೆಗೆದರು.

"ಮಾಸ್ತರೆ, ಎಲುಬಾಗಿದ್ದರೆ ಇಷ್ಟೊತ್ತಿಗೆ ಹೇಳ್ತಿದ್ದೆ. ಇದು ನನ್ನ ಕೈಗೆ ಸಿಗೋದಲ್ಲ. ಒಳಗೆ ಏನೋ ಮಡಚಿ ಕೂತಿದೆ. ಮೊದಲನೇ ದಿನ ಬಾವಿನ ಮೇಲೆ ನನಗೂ ಗೊತ್ತಾಗಲಿಲ್ಲ. ಎಕ್ಸ್‌ರೇ ತೆಗೆದವರು ಏನು ಹೇಳಿದ್ರು?"

ಆಗ ನಾನು ಡಾಕ್ಟರ ಎರಡನೆಯ ಮಾತನ್ನೂ ಹೇಳಿದೆ. ತಂಗಿಯ ಮಗಳು ನನ್ನನ್ನು ನೋಡಿದಳು. ಅದನ್ನು ಅವಳು ಮೊದಲ ಸಲ ಕೇಳುತ್ತಿದ್ದಳು. ಎಕ್ಸ್‌ರೇ ತೆಗೆದಾಗ ಅವಳನ್ನು ಹೊರಗಿನ ಬೆಂಚಿನಲ್ಲಿ ಮಲಗಿಸಿ ನಾನೊಬ್ಬನೇ ಒಳಗೆ ಹೋಗಿದ್ದೆ. ಸಿರ್ಸಿಯವರೆಗೂ ಕಾರಿನ ಕಿಟಕಿಯ ಹೊರಗೆ ನೋಡುತ್ತ ಕೂತಳು. ಮಂಡಿ ಸಿಕ್ಕಿಕೊಂಡು ಇಪ್ಪತ್ತೆರಡು ದಿನವಾಗಿತ್ತು.

ಇಪ್ಪತ್ತನಾಲ್ಕನೆಯ ದಿನ ಹುಬ್ಬಳ್ಳಿಗೆ ಹೋದೆವು. ತಂಗಿಯೂ ಬಂದಳು. ಸ್ಕ್ಯಾನ್ ಮಾಡುವ ಕೊಳವೆಯೊಳಗೆ ಅವಳು ಅರ್ಧ ಗಂಟೆ ಅಲ್ಲಾಡದೆ ಮಲಗಬೇಕಾಯಿತು. ಮಧ್ಯಾಹ್ನ ಕೀಲಿನ ಸರ್ಜನ್ ನಮ್ಮನ್ನು ಒಳಗೆ ಕರೆದರು. ಸುಮಾರು ನಲವತ್ತರ ಪ್ರಾಯದವರು, ಧಾರವಾಡ ಕಡೆಯ ಮಾತು.

"ಬರ್ರಿ ಮಾಸ್ತರ, ಕೂಡ್ರಿ. ಬಾವು ಯಾವಾಗ ಬಂತ್ರಿ? ಅವತ್ತ ಸಂಜಿಗೋ, ಮರುದಿನ ಮುಂಜಾನಿಗೋ?"

"ಮುಂಜಾನೆ" ಎಂದೆ. ಅವರು ತಲೆಯಾಡಿಸಿದರು. ಒಳಗಿನ ದೊಡ್ಡ ಹುರಿ ಹರಿದಿದ್ದರೆ ಸಾಮಾನ್ಯವಾಗಿ ಗಂಟೆ ಎರಡು ಗಂಟೆಯಲ್ಲೇ ಊದುತ್ತದಂತೆ. ಎಲುಬುಗಳ ನಡುವಿನ ಮೆತ್ತೆ, ಅಂದರೆ ಮೆನಿಸ್ಕಸ್, ಹರಿದರೆ ಊತ ಹೆಚ್ಚಾಗಿ ನಿಧಾನಕ್ಕೆ ಬರುತ್ತದಂತೆ.

ಮೇಜಿನ ಮೇಲೆ ಪ್ಲಾಸ್ಟಿಕ್ಕಿನ ಮೊಣಕಾಲು ಇತ್ತು. ಮುಂದಿನ ಚಿಪ್ಪನ್ನು ಸರಿಸಿ ಒಳಗೆ ತೋರಿಸಿದರು. ತೊಡೆಯೆಲುಬಿನ ತುದಿ ಗುಂಡಗಿದೆ. ಅದು ಕೂರುವ ಕಣಕಾಲಿನ ಎಲುಬಿನ ತಲೆ ಹೆಚ್ಚುಕಡಿಮೆ ಚಪ್ಪಟೆ. ಎರಡರ ನಡುವೆ ಒಳಬದಿಗೊಂದು, ಹೊರಬದಿಗೊಂದು, ಅರ್ಧಚಂದ್ರದ ಆಕಾರದ ಎರಡು ಮೆತ್ತೆಗಳು. ಅಂಚಿನಲ್ಲಿ ದಪ್ಪ, ನಡುವಿಗೆ ಬರುತ್ತ ತೆಳು. ನನಗೆ ಆ ಮೆತ್ತೆಯ ಕೆಲಸವೇನೆಂದು ಅರ್ಥವಾಗುವ ಮೊದಲೇ ತಂಗಿ ಹೇಳಿದಳು:

"ಇದು ಸಿಂಬೆ. ಕೊಡದ ಅಡಿಗೆ ಇಡ್ತ್ವಲೆ, ಹಾಂಗೆ."

ಡಾಕ್ಟರು ಅವಳ ಕಡೆ ತಿರುಗಿದರು. "ಸಿಂಬಿ. ಹೌದ್ರಿ ಅವ್ವಾರ, ಸಿಂಬೀನ. ಸಿಂಬಿ ಇಲ್ದ ಕೊಡಾ ಇಟ್ರ ಏನಾಗ್ತೈತಿ?"

"ಉರುಳ್ತು. ಇಲ್ದಿದ್ರೆ ತಳ ಸವೆತು."

"ಎರಡೂ ಹೌದ್ರಿ. ಮಂಡಿಗೂ ಅದ ಆಗೋದು."

ಸ್ಕ್ಯಾನಿನ ಚಿತ್ರದಲ್ಲಿ ಪೆನ್ನಿನ ತುದಿಯಿಂದ ತೋರಿಸಿದರು. ಒಳಬದಿಯ ಮೆತ್ತೆ ಉದ್ದಕ್ಕೆ ಸೀಳಿತ್ತು. ಸೀಳಿದ ಪಟ್ಟಿ ಎರಡೂ ತುದಿಯಲ್ಲಿ ಅಂಟಿಕೊಂಡೇ, ಬುಟ್ಟಿಯ ಹಿಡಿಕೆಯಂತೆ ಎದ್ದು ಮಗುಚಿ ಕೀಲಿನ ನಡುವೆ ಬಿದ್ದಿತ್ತು. ಬಾಗಿಲ ಸಂದಿಗೆ ಬಟ್ಟೆ ಸಿಕ್ಕರೆ ಬಾಗಿಲು ಹಾಕಲು ಬರುವುದಿಲ್ಲವಲ್ಲ, ಹಾಗೆ ಕಾಲು ಚಾಚಲು ಬರುತ್ತಿರಲಿಲ್ಲ. ನಾನು ತೊಡೆ ಹಿಡಿದು ಎಳೆಸಿದ್ದು ನೆನಪಾಯಿತು. ಡಾಕ್ಟರಿಗೆ ಅದನ್ನೂ ಹೇಳಿದೆ. ಅವರು ಕಾಗದದಲ್ಲಿ ಬರೆದುಕೊಂಡರು.

ದಾರಿ ಎರಡಿತ್ತು. ಮೆತ್ತೆಯ ಹೊರ ಅಂಚಿಗೆ ರಕ್ತ ಬರುತ್ತದೆ, ಒಳ ಅಂಚಿಗೆ ಬರುವುದಿಲ್ಲ. ಸೀಳು ಹೊರ ಅಂಚಿನ ಹತ್ತಿರ ಇರುವುದರಿಂದ ಹೊಲಿದರೆ ಕೂಡಿಕೊಳ್ಳಬಹುದು. ಹೊಲಿದರೆ ಆರು ವಾರ ಊರುಗೋಲು, ಆರು ತಿಂಗಳು ಕುಕ್ಕರಗಾಲಲ್ಲಿ ಕೂರುವಂತಿಲ್ಲ. ಅಷ್ಟಾದರೂ ಹೊಲಿಗೆ ಹಿಡಿಯದೆ ಹೋಗಬಹುದು. ಅಥವಾ ಮಗುಚಿದ ಪಟ್ಟಿಯನ್ನು ಕತ್ತರಿಸಿ ತೆಗೆಯಬಹುದು. ಆಗ ಬೇಗ ಓಡಾಡಬಹುದು, ಆದರೆ ಸಿಂಬೆಯ ದೊಡ್ಡ ಪಾಲು ಹೋಗುತ್ತದೆ, ಮುಂದೆ ಎಲುಬು ಸವೆಯುತ್ತದೆ. ಹೊಲಿಯಲು ಬರುತ್ತದೋ ಇಲ್ಲವೋ ಎಂಬುದು ದುರ್ಬೀನು ಒಳಗೆ ಹಾಕಿ ನೋಡಿದ ಮೇಲೆಯೇ ಗೊತ್ತಾಗುವುದು. ಪಟ್ಟಿ ಬಹಳ ದಿನ ಅಲ್ಲೇ ಜಜ್ಜಿಕೊಂಡು ಬಿದ್ದಿದ್ದರೆ ಹೊಲಿಗೆಗೆ ತಾಳುವುದಿಲ್ಲ.

"ಎಷ್ಟ ದಿನಾ ಆತ್ರಿ?"

"ಇಪ್ಪತ್ನಾಲ್ಕು."

"ಹೂಂ" ಎಂದರು.

ತಂಗಿಯ ಮಗಳು, "ಸರ್, ಮತ್ತೆ ಮಂಡಿ ಹಾಕಬಹುದಾ?" ಎಂದು ಕೇಳಿದಳು. ಅವರಿಗೆ ಮಂಡಿ ಹಾಕುವುದೆಂದರೆ ಏನೆಂದು ತಿಳಿಯಲಿಲ್ಲ. ಅವಳು ಫೋನಿನಲ್ಲಿದ್ದ ಅದೇ ವಿಡಿಯೋ ತೋರಿಸಿದಳು. ಆ ಚಿಕ್ಕ ಕೋಣೆಯಲ್ಲಿ ನನ್ನ ದನಿ ಕೇಳತೊಡಗಿತು. ಡಾಕ್ಟರು ಒಮ್ಮೆ ನೋಡಿದರು. ಹಿಂದಕ್ಕೆ ಸರಿಸಿ ಇನ್ನೊಮ್ಮೆ ನೋಡಿದರು.

"ಸಿಕ್ಕಿದ್ದು ಇಲ್ಲೇ ಅಲ್ರಿ? ಮತ್ತ ಹಾಡು ಯಾಕ ನಿಲ್ಲಲಿಲ್ಲ?"

ನಾನು ಬಾಯಿ ತೆರೆಯುವ ಮೊದಲೇ ಅವಳು, "ನಾನು ಸೂಚನೆ ಕೊಡಲಿಲ್ಲ ಸರ್" ಎಂದಳು.

"ಇದನ್ನ ಕಲಿಸಿದವ್ರು ಯಾರು?"

ಅವಳು ನನ್ನ ಕಡೆ ನೋಡಿದಳು. "ನಾನೇ" ಎಂದೆ. ಡಾಕ್ಟರು ಫೋನನ್ನು ಅವಳಿಗೆ ಹಿಂದಿರುಗಿಸಿದರು. ಮತ್ತೆ ಮಂಡಿ ಹಾಕಬಹುದೇ ಎಂಬ ಅವಳ ಪ್ರಶ್ನೆಗೆ ಉತ್ತರ ಅವತ್ತು ಸಿಗಲಿಲ್ಲ.

ಆಪರೇಷನ್ನಿಗೆ ಐದು ದಿನ ಬಾಕಿಯಿತ್ತು. ನಡುವೆ ಭಾನುವಾರ ಬಂತು. ತರಗತಿಗೆ ಹೋಗಿ ಉಳಿದ ಎಂಟು ಜನರನ್ನು ಮಂಡಿ ನೋವು ಯಾರಿಗಿದೆ ಎಂದು ಕೇಳಿದೆ. ಒಬ್ಬರು, ಮೆಟ್ಟಿಲು ಇಳಿಯುವಾಗ ಎಂದರು. ಇನ್ನೊಬ್ಬರು, ಬಚ್ಚಲಲ್ಲಿ ಕೂತು ಏಳುವಾಗ ಎಂದರು. ಒಟ್ಟು ನಾಲ್ಕು ಜನ. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದೆ. "ನಿಂಗ ಕೇಳಿದ್ದೇ ಇಲ್ಲೆ, ಮಾಸ್ತರ್ರೆ" ಎಂದರು ಮೆಟ್ಟಿಲಿನವರು, ನಗುತ್ತಲೇ. ನನಗೆ ನಗು ಬರಲಿಲ್ಲ. ಅವತ್ತು ಮಂಡಿ ಹಾಕಿಸಲಿಲ್ಲ. ಮುಂದೆ ಹಾಕಿಸಬೇಕೋ ಬೇಡವೋ ಎಂದು ಹೇಳಲೂ ಇಲ್ಲ.

ಆಪರೇಷನ್ ದಿನ ಬೆಳಿಗ್ಗೆ ಎರಡಕ್ಕೂ ಒಪ್ಪಿಗೆಯೆಂದು ಅವಳು ಸಹಿ ಮಾಡಿದಳು, ಹೊಲಿಯುವುದಕ್ಕೂ ಕತ್ತರಿಸುವುದಕ್ಕೂ. ಒಂಬತ್ತೂಕಾಲಿಗೆ ಒಳಗೆ ಕರೆದುಕೊಂಡು ಹೋದರು. ಹೊರಗೆ ಕಬ್ಬಿಣದ ಕುರ್ಚಿಗಳ ಸಾಲು. ತಂಗಿ ಮನೆಯಿಂದ ಅವಲಕ್ಕಿ ತಂದಿದ್ದಳು. ಇಬ್ಬರೂ ಡಬ್ಬಿ ತೆರೆಯಲಿಲ್ಲ.

ನಾನು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದೆ. ಕತ್ತರಿಸುವುದಾದರೆ ಬೇಗ ಮುಗಿಯುತ್ತದೆ, ಹೊಲಿಯುವುದಾದರೆ ತಡವಾಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಹಾಗಾಗಿ ಬಾಗಿಲು ತೆರೆಯದಿರಲಿ ಎಂದು ಬಯಸುತ್ತ ಕೂತೆ. ಹತ್ತು ಗಂಟೆಗೆ ಬಾಗಿಲು ತೆರೆಯಿತು. ಎದ್ದು ನಿಂತೆ. ಬೇರೆ ಯಾರದೋ ಕಡೆಯವರನ್ನು ಕರೆದರು. ಹತ್ತೂವರೆ ಆಯಿತು. ಹೆಚ್ಚು ಹೊತ್ತಾದರೆ ಅರಿವಳಿಕೆಯಿಂದ ಏನಾದರೂ ಆಯಿತೇ ಎಂಬ ಭಯ ಹುಟ್ಟಿತು. ಬಾಗಿಲು ತೆರೆದರೂ ಭಯ, ತೆರೆಯದಿದ್ದರೂ ಭಯ.

"ನೀ ಗಡಿಯಾರ ನೋಡದು ನಿಲ್ಸು" ಎಂದಳು ತಂಗಿ. "ಯಂಗೆ ತಲೆ ತಿರುಗ್ತು."

ಹತ್ತು ಐವತ್ತಕ್ಕೆ ಡಾಕ್ಟರು ಬಂದರು. ಮುಖದ ಬಟ್ಟೆ ಕುತ್ತಿಗೆಗೆ ಇಳಿದಿತ್ತು.

"ಹೊಲದೀನ್ರಿ. ಐದು ಹೊಲಿಗಿ. ಒಳ ಅಂಚು ಒಂದೀಟು ನಾರುನಾರಾಗಿತ್ತು, ಅಷ್ಟ ತಗದೀನಿ. ಉಳದದ್ದು ಹಿಡಿತೈತೋ ಇಲ್ಲೋ ಆರು ತಿಂಗಳಿಗೆ ನೋಡೋಣು."

ತಂಗಿ ಕುರ್ಚಿಯ ಕೈ ಹಿಡಿದು ಕೂತಳು. ನಾನು ಕೇಳಬಾರದ್ದನ್ನು ಕೇಳಿದೆ. "ಮೊದಲ ವಾರವೇ ಬಂದಿದ್ದರೆ ಆ ಅಂಚು ಉಳಿಯುತ್ತಿತ್ತೇ?"

ಅವರು, "ಅದನ್ನ ಕೇಳಬ್ಯಾಡ್ರಿ ಮಾಸ್ತರ" ಎಂದು ಒಳಗೆ ಹೋದರು.

ಕೋಲಸಿರ್ಸಿಯ ಮನೆಯಲ್ಲಿ ಎಲ್ಲವೂ ಮಂಡಿ ಮಡಚುವವರಿಗಾಗಿಯೇ ಇದೆ ಎಂಬುದು ಆಗ ಗೊತ್ತಾಯಿತು. ಊಟ ನೆಲದಲ್ಲಿ. ಪಾಯಖಾನೆ ಕುಕ್ಕರಗಾಲಲ್ಲಿ ಕೂರುವಂಥದ್ದು. ಹೊಸ್ತಿಲುಗಳು ಎತ್ತರ. ಪಾಯಖಾನೆಗೆ ತೂತಿರುವ ಕುರ್ಚಿ ತಂದಿಟ್ಟೆವು. ಮಂಡಿಗೆ ಪಟ್ಟಿಗಳಿರುವ ಕವಚ ಕಟ್ಟಿ, ಇಷ್ಟೇ ಮಡಚಬೇಕೆಂದು ಅದರಲ್ಲೇ ತಿರುಪು ಹಾಕಿ ಕಳಿಸಿದ್ದರು. ದಿನಕ್ಕೆ ಮೂರು ಸಲ ತೊಡೆ ಬಿಗಿಹಿಡಿದು ಬಿಡುವ ವ್ಯಾಯಾಮ. ವಾರಕ್ಕೊಮ್ಮೆ ನಾನು ಟೇಪು ಹಿಡಿದು ಅವಳ ಎರಡೂ ತೊಡೆಯನ್ನು ಚಿಪ್ಪಿನಿಂದ ಒಂದು ಗೇಣು ಮೇಲೆ ಅಳೆದು ಬರೆಯುತ್ತಿದ್ದೆ. ಮೊದಲ ತಿಂಗಳು ಎಡದ ತೊಡೆ ಬಡವಾಗುತ್ತಲೇ ಹೋಯಿತು. ಮೂರನೆಯ ತಿಂಗಳು ಇಳಿಯುವುದು ನಿಂತಿತು. ಐದನೆಯ ತಿಂಗಳು ಸ್ವಲ್ಪ ತುಂಬಿತು. ನಡುವೆ ಒಂದು ದಿನ ಹೊಸ್ತಿಲು ದಾಟುವಾಗ ಮಂಡಿ ಲಟಕ್ಕೆಂದಿತು. ಅವಳು ಬಾಗಿಲು ಹಿಡಿದು ನಿಂತಳು. ಮೆಲ್ಲಗೆ ಚಾಚಿ ನೋಡಿದಳು. ಚಾಚಲು ಬಂತು.

ಆರು ತಿಂಗಳಾದ ಮೇಲೆ ಡಾಕ್ಟರು ಒತ್ತಿ, ತಿರುಗಿಸಿ ನೋಡಿ, "ಹಿಡದಂಗ ಕಾಣತೈತ್ರಿ. ಸದ್ಯಕ್ಕ" ಎಂದರು. ಇನ್ನು ಮೆಲ್ಲಗೆ ನೆಲಕ್ಕೆ ಕೂರಬಹುದು, ಮೆತ್ತಗಿನ ಹಾಸಿನ ಮೇಲೆ ಮೊಣಕಾಲು ಊರಿಯೂ ನೋಡಬಹುದು ಎಂದರು. ಮಂಡಿ ಹಾಕುವ ವಿಷಯ ಅವಳೇ ಎತ್ತಿದಳು. "ನಾ ಬ್ಯಾಡ ಅಂತೀನಿ. ಆದ್ರ ಹೊಲಿಗಿ ಅಷ್ಟ ನಂದು, ಕಾಲು ನಿಮ್ಮದು" ಎಂದರು.

ಕಳೆದ ವಾರ ತಂಗಿ ಸಿದ್ದಾಪುರಕ್ಕೆ ಹೋಗಿದ್ದ ಮಧ್ಯಾಹ್ನ ಅವಳು ನನಗೆ ಫೋನ್ ಮಾಡಿ ಬರಲು ಹೇಳಿದಳು. ಹೋದೆ. ಜಗಲಿಯಲ್ಲಿ ಹತ್ತಿಯ ಹಾಸಿಗೆ ಎರಡು ಮಡಿಕೆ ಮಾಡಿ ಹಾಸಿದ್ದಳು.

"ಆಯಿ ಎದುರಿಗೆ ಬೇಡ. ಆಯಿಗೆ ಹೆದರಿಕೆ. ನೀ ಅಲ್ಲಿ ಕೂತ್ಕ, ಮಾವ."

ಅವಳು ಹೇಳಿದ ಕಡೆ ಕೂತೆ. ಅಲ್ಲಿಂದ ಅವಳ ಮುಖ ಕಾಣುತ್ತಿತ್ತು. ಒಂದು ಕೈ ಗೋಡೆಗೆ ಕೊಟ್ಟು ಮೊದಲು ಬಲ ಮೊಣಕಾಲು ಊರಿದಳು, ಆಮೇಲೆ ಎಡದ್ದು. ಕೈ ಬಿಟ್ಟಳು. ನೆಟ್ಟಗೆ ನಿಂತಳು, ಮೊಣಕಾಲ ಮೇಲೆ. ಹತ್ತು ಉಸಿರಿನಷ್ಟು ಹೊತ್ತು.

"ನೋವು ಇದ್ದಾ?"

"ಇಲ್ಲೆ." ಸ್ವಲ್ಪ ತಡೆದು, "ಗೊತ್ತಿಲ್ಲೆ" ಎಂದಳು.

ಮತ್ತೆ ಗೋಡೆ ಹಿಡಿದೇ ಎದ್ದಳು. ಮುಂದಿನ ಆಟಕ್ಕೆ ಪದ್ಯ ಯಾವುದು ಎಂದು ಕೇಳಿದಳು. ಅವಳು ಮಂಡಿಯ ಮಾತು ಎತ್ತಲಿಲ್ಲ. ನಾನು ಇನ್ನೂ ಯೋಚಿಸಿಲ್ಲ ಎಂದೆ. ಚಹಾ ಮಾಡುತ್ತೇನೆಂದು ಒಳಗೆ ಹೋದಳು.

ಹಾಸಿಗೆಯ ಮೇಲೆ ಅವಳ ಮೊಣಕಾಲಿನ ಎರಡು ಗುಳಿಗಳು ಉಳಿದಿದ್ದವು. ಬಲಗಡೆಯದು ಆಳ. ಎಡಗಡೆಯದು ಇದೆಯೋ ಇಲ್ಲವೋ ಎನ್ನುವಷ್ಟು. ಇಡೀ ಮೈಯ ಭಾರವನ್ನು ಅವಳು ಒಂದೇ ಕಾಲಿಗೆ ಕೊಟ್ಟಿದ್ದಳು. ತಂಗಿ ಬರುವ ಹೊತ್ತಾಗುತ್ತಿತ್ತು. ಹಾಸಿಗೆ ಮಡಚಿ ಇಡಲು ಒಮ್ಮೆ ಕೈ ಹಾಕಿದೆ, ಮಡಚಲಿಲ್ಲ. ಅವಳು ಎರಡು ಲೋಟ ಹಿಡಿದು ಬಂದಾಗ ಬೆರಳಿನಿಂದ ತೋರಿಸಿದೆ.

ಅವಳು ಲೋಟ ಕೆಳಗಿಟ್ಟು ಬಾಗಿ ನೋಡಿದಳು.

"ಕಾಲಿಗೆ ಆನು ಹೇಳ್ದೆ ಇದ್ರೂ ಅದೇ ಹೆದ್ರಿಕಂಡಿದ್ದು" ಎಂದಳು.

"ಹೆದ್ರಲಿ" ಎಂದೆ.

ಅವಳು ಚಹಾ ಕುಡಿದು, ಲೋಟ ಬದಿಗಿಟ್ಟು, ಇನ್ನೊಂದು ಸಲ ಗೋಡೆಗೆ ಕೈ ಕೊಟ್ಟಳು. ಈ ಸಲ ಮೊದಲು ಎಡ ಮೊಣಕಾಲು ಊರಿದಳು.